ಅಳತೆ ಬುಕ್ಕಿನ ನಾಯಕಿ

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಪಾ ಹೊಲಿಗೆ ಅಂಗಡಿ ಇಟ್ಟಿದ್ದರು. ಹೋದ ತಿಂಗಳು ಏನೋ ಕೆಲಸವೆಂದು, ವರ್ಗವಾಗಿ ಈಗ ನಾನಿರುವ ಯಾದಗಿರಿಯಿಂದ ಅಲ್ಲಿಗೆ ಹೋದಾಗ ನೋಡಿದರೆ, ಆ ಜಾಗದಲ್ಲಿ ಬಣ್ಣಬಣ್ಣದ ಮೊಬೈಲ್ ಕವರುಗಳು ನೇತಾಡುತ್ತಿದ್ದವು. ಪಕ್ಕದವರನ್ನು ಕೇಳಿದೆ. ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣದಂತಾಗಿ ಅಂಗಡಿ ಬಿಟ್ಟುಕೊಟ್ಟು, ಸುರಪುರದಲ್ಲಿರುವ ತಂಗಿಯ ಮನೆಗೆ ಹೋದರಂತೆ. ನನಗೆ ಒಂದು ಮಾತೂ ಹೇಳಿರಲಿಲ್ಲ. ಸಿಟ್ಟು ಬಂತು. ಅಲ್ಲೇ ನಿಂತು ಫೋನ್ ಹಚ್ಚಿದೆ.

"ಹೇಳಿದ್ರ ನೀವು ಅಳ್ತಿದ್ರಿ ಟೀಚರ್," ಎಂದರು ಆಪಾ. "ನಿಮಗ ಸಮಾಧಾನ ಮಾಡಾಕ ನನಗ ಟೈಮ್ ಇದ್ದಿದ್ದಿಲ್ಲ."

ನಿಮ್ಮ ಬಗ್ಗೆ ಬರೆಯಬೇಕೆಂದಿದ್ದೇನೆ ಎಂದೆ. "ಬರೀರಿ. ಆದ್ರ ಹೆಸರು ಹಾಕಬ್ಯಾಡ್ರಿ. ಹಾಕಿದ್ರ ಊರಾಗಿನ ಗಿರಾಕಿ ಎಲ್ಲಾ ತಮ್ಮ ಅಳತಿ ಕತಿಯೊಳಗ ಬಂದದೇನು ಅಂತ ಹುಡುಕಾಕ ಕುಂದರ್ತಾರ." ಹಾಗಾಗಿ ಇಲ್ಲಿ ಅವರು ಬರೀ ಆಪಾ. ಓಣಿಯಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದುದು. ಆಪಾ ಎಂದರೆ ಅಕ್ಕ; ಅವರಿಗಿಂತ ಹಿರಿಯರಿಗೂ ಅವರು ಆಪಾನೇ.

ನಾನು ಶಹಾಪುರದ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದ ಹೊಸತರಲ್ಲಿ ಬ್ಲೌಸ್ ಹೊಲಿಸಲು ಅವರಲ್ಲಿಗೆ ಹೋಗಿದ್ದೆ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದರು. ಇನ್ನೊಂದು ಕಿವಿ ಗಿರಾಕಿಗಳಿಗೆ ಮೀಸಲು. ಅಳತೆ ತೆಗೆಯುತ್ತ ತೆಗೆಯುತ್ತ ಇದ್ದಕ್ಕಿದ್ದಂತೆ ಟೇಪನ್ನು ನನ್ನ ಕೊರಳಲ್ಲೇ ಬಿಟ್ಟು, ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, "ಥೂ, ಇಕಿಗೇನು ಬುದ್ಧಿ ಇಲ್ಲೇನು," ಎಂದರು. ನಾನು ಬೆಚ್ಚಿಬಿದ್ದೆ. ಅವರು ಬೈದದ್ದು ನನಗಲ್ಲ, ಕಿವಿಯೊಳಗಿದ್ದವಳಿಗೆ.

ಮೊಬೈಲಿನಲ್ಲಿ ಕಥೆ ಕೇಳಿಸುವ, ಕಥೆ ಓದಿಸುವ ಆ್ಯಪ್‌ಗಳಿವೆಯಲ್ಲ, ಅವುಗಳಲ್ಲಿ ನಗರದ ಮಾಯಾಲೋಕದ ಕಾದಂಬರಿಗಳೆಂದು ಒಂದು ಬಗೆ ಇದೆ. ಮೆಟ್ರೋ ಸುರಂಗದಲ್ಲಿ ಪಿಶಾಚಿಗಳು, ಹತ್ತನೇ ಮಹಡಿಯ ಫ್ಲ್ಯಾಟಿನಲ್ಲಿ ಯಕ್ಷರು, ಇವರನ್ನೆಲ್ಲ ಸದೆಬಡಿಯುವ ಒಬ್ಬ ಹುಡುಗಿ. ಆಪಾ ಇಂಥವನ್ನು ದಿನಕ್ಕೆ ನಾಲ್ಕು ತಾಸು ಕೇಳುತ್ತಿದ್ದರು. ಒಂದನ್ನೂ ಅರ್ಧಕ್ಕೆ ಬಿಡುತ್ತಿರಲಿಲ್ಲ. ಒಂದನ್ನೂ ಮೆಚ್ಚಿದ್ದನ್ನು ನಾನು ಕಂಡಿಲ್ಲ.

"ಒಬ್ಬಾಕಿಗೂ ಅವ್ವ ಅಪ್ಪ ಇರಂಗಿಲ್ರಿ," ಎಂದು ಮೊದಲ ದಿನವೇ ನನಗೆ ದೂರು ಕೊಟ್ಟರು. "ಮೊದಲನೇ ಭಾಗದಾಗೇ ಕಾರ್ ಆಕ್ಸಿಡೆಂಟ್ ಮಾಡಿಸಿ ಇಬ್ಬರ್ನೂ ಮುಗಿಸಿಬಿಡ್ತಾರ. ಚಿಗವ್ವ ಇಲ್ಲ, ಸೋದರತ್ತಿ ಇಲ್ಲ. ಬರಿಯೋರಿಗೆ ಬೀಗರನ್ನ ಸಂಭಾಳಿಸೋದು ತ್ರಾಸ ಅಂತ ಕಾಣಸ್ತದ."

ಊಟದ ವಿಷಯದಲ್ಲೂ ಅವರಿಗೆ ಭಾರೀ ತಕರಾರಿತ್ತು. ಒಬ್ಬ ನಾಯಕಿ ಮೂರು ದಿನ ಒಂದೇ ಸಮನೆ ಕಾದಾಡಿದಳಂತೆ. "ಒಂದು ರೊಟ್ಟಿ ತಿಂದಿದ್ದು ಹೇಳಲಿಲ್ಲ. ನೀರೂ ಕುಡೀಲಿಲ್ಲ. ನಾನು ನಾಷ್ಟಾ ಬಿಟ್ರ ಹನ್ನೊಂದಕ್ಕೆ ಕೈ ನಡುಗಿ ಹೊಲಿಗಿ ಸೊಟ್ಟ ಹೋಗ್ತದ. ಇಕಿ ಖಡ್ಗ ಹ್ಯಾಂಗ ಹಿಡದಾಳ?" ಮುನ್ನೂರು ವರ್ಷದ ಯಕ್ಷ ಇಪ್ಪತ್ತರ ಹುಡುಗಿಯ ಹಿಂದೆ ಬೀಳುವುದಂತೂ ಅವರಿಗೆ ಅಸಹ್ಯ. "ಅಷ್ಟು ವಯಸ್ಸಾದ ಮುದುಕ ಕಾಲೇಜಿನ ಗೇಟ್ ಮುಂದ ನಿಂದ್ರತಾನಂದ್ರ ಅವನ ಮನಿಯಾಗ ಹೇಳೋರು ಕೇಳೋರು ಯಾರೂ ಇಲ್ಲೇನು?"

ಅತಿ ದೊಡ್ಡ ತಕರಾರು ಬಟ್ಟೆಯದು. ಆ ಹುಡುಗಿಯರೆಲ್ಲ ಮೈಗಂಟಿದ ಕರಿ ಜಾಕೆಟ್ ಹಾಕುತ್ತಾರೆ, ಅದರೊಳಗಿಂದ ಒಂದು ಮೊಳದ ಚಾಕು ತೆಗೆಯುತ್ತಾರೆ. ಚಾಕು ಎಲ್ಲಿತ್ತು? ಕಿಸೆ ಎಲ್ಲಿದೆ? ನಾನು ನಕ್ಕು, ಅದು ಕಲ್ಪನೆ ಆಪಾ, ಅಷ್ಟೆಲ್ಲ ನೋಡಬಾರದು ಎಂದೆ. ಅವರು ವಾದಕ್ಕಿಳಿಯಲಿಲ್ಲ. ಮುಂದಿನ ವಾರ ಹೋದಾಗ ಅಸ್ತರಿನ ಬಟ್ಟೆಯಲ್ಲಿ ಒಂದು ಜಾಕೆಟ್ ಹೊಲಿದು ಇಟ್ಟಿದ್ದರು, ಥೇಟ್ ಕಥೆಯಲ್ಲಿ ಹೇಳಿದ ಹಾಗೆ. ನನಗೇ ತೊಡಿಸಿದರು. ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡೆ. "ಈಗ ಕೈ ಎತ್ರಿ. ರಾಕ್ಷಸ ಅಲ್ಲಿ ಕ್ಯಾಲೆಂಡರ್ ಹತ್ರ ನಿಂತಾನ. ಚಾಕು ಒಗೀರಿ." ಎತ್ತಿದೆ. ಕಂಕುಳಲ್ಲಿ ಟರ್ರೆಂದು ಹರಿಯಿತು. ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಪಾ ಮಾತ್ರ ನಗದೆ, ಕೋರ್ಟಿನಲ್ಲಿ ಸಾಕ್ಷಿ ತೋರಿಸುವವರಂತೆ ಆ ಹರಿದ ಹೊಲಿಗೆಯನ್ನು ಎಲ್ಲರಿಗೂ ತೋರಿಸಿದರು.

ಇಷ್ಟೆಲ್ಲ ಬೈಯುವವರು ತಾವೂ ಬರೆಯುತ್ತಿದ್ದರೆಂದು ನನಗೆ ಗೊತ್ತಾದದ್ದು ತಡವಾಗಿ. ಅಳತೆ ಬರೆಯುವ ಉದ್ದನೆಯ ಬುಕ್ಕಿನಲ್ಲಿ ಎಡಪುಟಕ್ಕೆ ಗಿರಾಕಿಗಳ ಎದೆ, ಸೊಂಟ, ತೋಳು. ಬಲಪುಟದಲ್ಲಿ ಪೆನ್ಸಿಲಿನಲ್ಲಿ ಕಥೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ನೀವು ಕನ್ನಡದಲ್ಲಿ ಯಾಕೆ ಬರೆಯುತ್ತೀರಿ ಎಂದು ಕೇಳಿದ್ದಕ್ಕೆ, "ಸಾಲಿ ಕಲಿತದ್ದು ಕನ್ನಡದಾಗ. ಉರ್ದುದಾಗ ಜಗಳ ಆಡಾಕ ಬರ್ತದ, ಬರಿಯಾಕ ಬರಂಗಿಲ್ಲ," ಎಂದರು.

ಅವರ ನಾಯಕಿಯ ಹೆಸರು ಯಂಕಮ್ಮ. ವಯಸ್ಸು ನಲವತ್ತೆರಡು. ಶಹಾಪುರದಲ್ಲೇ ಗುಡ್ಡದ ಕೆಳಗಿನ ಓಣಿಗಳಲ್ಲಿ ಆಶಾ ಕಾರ್ಯಕರ್ತೆ. ಕಥೆ ಶುರು ಮಾಡುವ ಮುಂಚೆ ಅವಳ ಅಳತೆಯನ್ನೂ ಬರೆದಿಟ್ಟಿದ್ದರು. ಕೊನೆಯಲ್ಲಿ ಒಂದು ಟಿಪ್ಪಣಿ: ಎಡಭುಜ ಅರ್ಧ ಇಂಚು ಕೆಳಗೆ, ಲಸಿಕೆಯ ಡಬ್ಬಿ ಹೊತ್ತು. ಆ ಒಂದು ಸಾಲು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ನನ್ನ ಎರಡು ಕಥೆಗಳು ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಎರಡರಲ್ಲೂ ಯಾರಿಗೂ ಭುಜವೇ ಇರಲಿಲ್ಲ.

ಕಥೆ ಹೀಗಿತ್ತು. ಪೋಲಿಯೋ ಹನಿ ಹಾಕಿದ ಮೇಲೆ ಮನೆಯ ಗೋಡೆಗೋ ಬಾಗಿಲಿಗೋ ಸೀಮೆಸುಣ್ಣದಲ್ಲಿ ಗುರುತು ಬರೆಯುತ್ತಾರೆ: ಮನೆ ನಂಬರು, ತಾರೀಖು, ಮುಂದಿನ ಮನೆ ಯಾವ ಕಡೆಗಿದೆಯೆಂದು ಒಂದು ಬಾಣ. ಯಂಕಮ್ಮನ ಓಣಿಯಲ್ಲಿ ಇರುವುದು ಅರವತ್ತೊಂದು ಮನೆ. ಒಂದು ಸಲ ಲೆಕ್ಕ ಮುಗಿಸಿ ನೋಡಿದರೆ ಅರವತ್ತೆರಡನೆಯದೊಂದು ನಿಂತಿದೆ. ಗೋಡೆಗೆ ಗುರುತಿಲ್ಲ. ಅದು ಓಣಿಯಿಂದ ಓಣಿಗೆ ತಿರುಗುವ ಮನೆ. ಒಳಗೆ ಹೋದವರನ್ನು ಅವರ ಮನೆಯವರೇ ಮರೆತುಬಿಡುತ್ತಾರೆ. ಹೆತ್ತ ತಾಯಿಗೂ ನೆನಪಿರುವುದಿಲ್ಲ. ಅವರ ಹೆಸರು ಉಳಿಯುವುದು ಯಂಕಮ್ಮನ ರಿಜಿಸ್ಟರಿನಲ್ಲಿ ಮಾತ್ರ. ಅವರನ್ನು ಹೊರಗೆ ತರುವ ಕೆಲಸ ಅವಳ ಮೇಲೆ ಬೀಳುತ್ತದೆ. ಕೈಯಲ್ಲಿರುವ ಆಯುಧ ಸೀಮೆಸುಣ್ಣವೊಂದೇ. ಗುರುತು ಬರೆದ ಗೋಡೆ ಅಂದಿನ ಮಟ್ಟಿಗೆ ಎತ್ತಲೂ ಕದಲುವುದಿಲ್ಲ.

ಯಂಕಮ್ಮನಿಗೆ ಸಿಡುಕು ಅತ್ತೆ ಇದ್ದಳು, ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು, ಸಂಜೆ ಒಲೆ ಹೊತ್ತಿಸುವ ಚಿಂತೆ ಇತ್ತು. ಆ ಮನೆ ಅವಳನ್ನು ಸೀರೆ ಸೆರಗು ಹಿಡಿದು ಎಳೆಯುವ ಭಾಗದಲ್ಲಿ ಅವಳು ಮೊದಲು ರಿಜಿಸ್ಟರನ್ನು ಬ್ಲೌಸಿನೊಳಗೆ ತುರುಕುತ್ತಾಳೆ. ಅದರೊಳಗೆ ಆಪಾ ಅವಳಿಗೆ ದೊಡ್ಡ ಕಿಸೆಯೊಂದನ್ನು ಮೊದಲೇ ಹೊಲಿದುಕೊಟ್ಟಿದ್ದರು, ಮೂರನೇ ಭಾಗದಲ್ಲಿ.

ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿಗೆ ಆಪಾ ಬರೆದಷ್ಟನ್ನು ಓದುತ್ತಿದ್ದರು. ಖಾಯಂ ಕೇಳುವವರು ಇಬ್ಬರು. ಒಬ್ಬಳು ಶರಣಮ್ಮ, ಆ ಓಣಿಯ ಖರೇ ಆಶಾ ಕಾರ್ಯಕರ್ತೆ. ಕಥೆಯಲ್ಲಿನ ಲಸಿಕೆ ಡಬ್ಬಿ, ರಿಜಿಸ್ಟರು ಎಲ್ಲ ಅವಳಿಂದಲೇ ಬಂದದ್ದು. ಇನ್ನೊಬ್ಬಳು ನೀಲಮ್ಮ, ಬೆಳಿಗ್ಗೆ ಸೊಪ್ಪು ಮಾರಿ, ಖಾಲಿ ಬುಟ್ಟಿ ಮಗ್ಗಲಿಗಿಟ್ಟುಕೊಂಡು ಗೋಡೆಗೊರಗಿ ಕುಳಿತುಕೊಳ್ಳುವ ಮುದುಕಿ. ಶಾಲೆ ಅರ್ಧ ದಿನವಿರುವ ಶನಿವಾರ ನಾನೂ ಸೇರುತ್ತಿದ್ದೆ. ಆ ಎರಡು ತಾಸಿಗಾಗಿ ವಾರವಿಡೀ ಕಾಯುತ್ತಿದ್ದೆ. ಶಹಾಪುರದಲ್ಲಿ ನಾನು ಅಷ್ಟು ಖುಷಿಯಾಗಿದ್ದದ್ದು ಬೇರೆಲ್ಲೂ ಇಲ್ಲ.

ಹೀಗಿದ್ದುದನ್ನು ಕೆಡಿಸಿದವಳು ನಾನೇ.

ಒಂದು ಆ್ಯಪ್‌ನವರು ಕಾದಂಬರಿ ಸ್ಪರ್ಧೆ ಇಟ್ಟಿದ್ದರು. ಆಪಾರ ಕಥೆ ಕಳಿಸೋಣವೆಂದು ಬೆನ್ನುಬಿದ್ದೆ. ಕಳಿಸುವ ಮುಂಚೆ ಸ್ವಲ್ಪ ತಿದ್ದಬೇಕೆಂದೆ. ಕನ್ನಡ ಎಂ.ಎ. ಮಾಡಿದವಳು, ಕಥೆಗಾರ್ತಿ ಎಂದು ನನಗೆ ಸ್ವಲ್ಪ ಕೊಂಬು ಮೂಡಿದ ಕಾಲ ಅದು. ನಲವತ್ತೆರಡರ ಹೆಂಗಸಿನ ಸಾಹಸ ಯಾರು ಓದುತ್ತಾರೆ, ಇಪ್ಪತ್ತೆರಡು ಮಾಡಿ ಎಂದೆ. ಅತ್ತೆ ಬೇಡ, ಮಕ್ಕಳು ಬೇಡ, ಅನಾಥೆಯಾದರೆ ಓದುವವರಿಗೆ ಕರುಣೆ ಬರುತ್ತದೆ ಎಂದೆ. ಆ ಮನೆಯ ಒಡೆಯ ಒಬ್ಬ ಚೆಲುವ ಯಕ್ಷನಾಗಲಿ, ಅವಳನ್ನು ಪ್ರೀತಿಸಲಿ ಎಂದೆ. ಯಂಕಮ್ಮ ಎಂಬ ಹೆಸರು ತೆಗೆದು ಯಾಮಿನಿ ಎಂದಿಡಿ ಎಂದೆ. ಅವರು ವರ್ಷಗಟ್ಟಲೆ ಯಾವುದನ್ನೆಲ್ಲ ಬೈದಿದ್ದರೋ ಅಷ್ಟನ್ನೂ ಅವರ ಕಥೆಗೇ ಹಚ್ಚಿದೆ. ಹಚ್ಚುವಾಗ ನನಗೆ ಅದು ಹೊಳೆಯಲೂ ಇಲ್ಲ.

ಆಪಾ ಬಾಯಲ್ಲಿ ಪಿನ್ನು ಕಚ್ಚಿಕೊಂಡೇ "ಹೂಂ" ಎಂದರು. ಮನಸ್ಸಿಟ್ಟು ಮಾತಾಡುವಾಗ ಅವರು ಪಿನ್ನು ತೆಗೆಯುತ್ತಾರೆಂದು ಗೊತ್ತಿದ್ದೂ ಆ "ಹೂಂ" ಅನ್ನು ನಾನು ಒಪ್ಪಿಗೆ ಎಂದುಕೊಂಡೆ. ಗಿರಾಕಿ ಬಂದು ತೋಳು ಗಿಡ್ಡ ಮಾಡಿ ಎಂದರೆ ಗಿಡ್ಡ, ಉದ್ದ ಮಾಡಿ ಎಂದರೆ ಉದ್ದ ಮಾಡಿ ರೂಢಿಯಾದ ಕೈ. ಅಲ್ಲಿಯವರೆಗೆ ಬರೆದಷ್ಟನ್ನೂ ಎಂಟೇ ದಿನದಲ್ಲಿ ನಾನು ಹೇಳಿದಂತೆ ಬದಲಿಸಿ ಕೊಟ್ಟರು. ನಾನೇ ಟೈಪ್ ಮಾಡಿ, ಭಾಗ ಭಾಗವಾಗಿ ಆ್ಯಪ್‌ಗೆ ಹಾಕಿದೆ. ಓದುಗರು ಬಂದರು. ಕೆಂಪು ಹೃದಯಗಳು ಸಾಲುಗಟ್ಟಿ ಬಂದವು. ಯಕ್ಷನ ಕಣ್ಣಿನ ಬಣ್ಣ ಯಾವುದೆಂದು ಒಬ್ಬರು ಕೇಳಿದ್ದರು. ಕುಣಿಯುತ್ತ ಹೋಗಿ ಆಪಾಗೆ ತೋರಿಸಿದೆ.

"ಛಲೋ ಆತ್ರಿ ಟೀಚರ್," ಎಂದು ಹೇಳಿ ಮಷಿನ್ನಿನತ್ತ ಬಗ್ಗಿದರು.

ಅಂದಿನಿಂದ ಮಧ್ಯಾಹ್ನದ ಓದು ನಿಂತಿತು. ಕೆಲಸ ಬಹಳ ಇದೆ ಎಂದರು. ಮದುವೆ ಸೀಜನ್ ಎಂದರು. ಸೀಜನ್ ಮುಗಿದ ಮೇಲೆ ಕಣ್ಣು ಉರಿಯುತ್ತದೆ ಎಂದರು. ಅಳತೆ ಬುಕ್ಕಿನ ಬಲಪುಟಗಳು ಖಾಲಿ ಉಳಿದವು. ಇಯರ್‌ಫೋನನ್ನೂ ಹಾಕುತ್ತಿರಲಿಲ್ಲ. ಯಾವ ನಾಯಕಿಗೂ ಬೈಯದ ಆಪಾರನ್ನು ನೋಡಿದಾಗ ನನಗೆ ಭಯವಾಗತೊಡಗಿತು. ಆದರೂ ಕಾರಣ ನಾನೇ ಎಂದು ಒಪ್ಪಿಕೊಳ್ಳಲು ಮನಸ್ಸು ತಯಾರಿರಲಿಲ್ಲ.

ಒಪ್ಪಿಸಿದವಳು ಶರಣಮ್ಮ. ಒಂದು ದಿನ ಶಾಲೆಯ ಗೇಟಿನ ಬಳಿ ಲಸಿಕೆ ಡಬ್ಬಿ ಕೆಳಗಿಟ್ಟು ನನ್ನನ್ನು ಅಡ್ಡಗಟ್ಟಿದಳು.

"ನಮ್ಮ ಯಂಕಮ್ಮನ್ನ ಏನ್ ಮಾಡಿದ್ರಿ ಟೀಚರ್?"

"ಕತಿ ಮೊಬೈಲಿನಾಗ ಬಂದದಲ್ಲವಾ. ಓದಿಲ್ಲೇನು?"

"ಓದೀನ್ರಿ. ಅಲ್ಲಿ ಯಾರೋ ಯಾಮಿನಿ ಅದಾಳ. ಬಿಸಿಲಾಗ ಓಣಿ ತಿರುಗಿದ್ರೂ ಮಾರಿ ಬಾಡಂಗಿಲ್ಲ ಆಕಿದು. ನಾನು ಆ ಕತಿ ಕೇಳಿದ ಮ್ಯಾಲ ಹನಿ ಹಾಕಾಕ ಹೋದ್ರ ಬಾಗಿಲದಾಗ ನಿಂತು ಒಂದು ಗಳಿಗಿ ಧೈರ್ಯ ತುಗೋತಿದ್ದೆ, ಯಂಕಮ್ಮ ಹಿಂಗೇ ನಿಂತಿದ್ಲು ಅಂತ. ಬಾಗಿಲಾ ಮಾರಿ ಮ್ಯಾಲ ಹಾಕಿಕೊಂಡ್ರೂ ಬ್ಯಾಸರ ಆಗ್ತಿದ್ದಿಲ್ಲ." ಡಬ್ಬಿ ಎತ್ತಿ ಹೆಗಲಿಗೆ ಹಾಕಿಕೊಂಡಳು. "ನೀವು ಆಪಾಗೆ ಏನು ಹೇಳಿದ್ರೋ ನನಗ ಗೊತ್ತಿಲ್ಲ. ಆಪಾ ಬರಿಯೋದು ಬಿಟ್ಟಾರ. ನೀವೇ ಹೋಗಿ ಸರಿ ಮಾಡ್ರಿ."

ಅವಳು ಹೋದ ಮೇಲೂ ಅಲ್ಲೇ ನಿಂತಿದ್ದೆ. ಮಕ್ಕಳ ಪ್ರಬಂಧಕ್ಕೆ ಕೆಂಪು ಗೀಟು ಹಾಕಿ ಹಾಕಿ ನನ್ನ ಕೈಗೆ ಅದೊಂದೇ ಅಭ್ಯಾಸವಾಗಿಬಿಟ್ಟಿತ್ತು.

ಆ ಸಂಜೆಯೇ ಅಂಗಡಿಗೆ ಹೋದೆ. ತಪ್ಪಾಯಿತು ಆಪಾ ಎಂದೆ. ಅವರು ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟರು.

"ನಿಮ್ಮದೇನು ತಪ್ಪು? ಕತ್ತರಿ ನನ್ನ ಕೈಯಾಗಿತ್ತು," ಎಂದರು. ಆಮೇಲೆ ಮೆಲ್ಲಗೆ, "ಆದ್ರ ಆ ಹುಡುಗಿ ನನ್ನ ಜೋಡಿ ಮಾತೇ ಆಡವಲ್ಲಳ್ರಿ ಟೀಚರ್. ದಿನಾ ಪೆನ್ಸಿಲ್ ಹಿಡಕೊಂಡು ಕುಂದರ್ತೀನಿ. ಯಂಕಮ್ಮ ಇದ್ದಾಗ ನಾನು ಬರಿಯೋಕ್ಕಿಂತ ಮೊದಲೇ ಆಕಿ ಹೊಂಟಿರ್ತಿದ್ಲು. ಇಕಿ ಕನ್ನಡಿ ಮುಂದ ನಿಂತಾಕಿ ಹೊರಗೇ ಬರವಲ್ಲಳು."

ಹಳೆಯದನ್ನು ಹರಿದು ಹಾಕಿದಿರಾ ಎಂದು ಹೆದರುತ್ತಲೇ ಕೇಳಿದೆ.

"ಬಟ್ಟಿ ಸಣ್ಣ ಮಾಡಾಕ ಕೊಟ್ರ ಶಾಣ್ಯಾ ಟೇಲರ್ ಕತ್ತರಿಸಂಗಿಲ್ರಿ. ಒಳಗ ಮಡಚಿ ಹೊಲೀತಾಳ. ನಾಳಿ ಬಿಚ್ಚೋದು ಬಂದ್ರ ಬೇಕಲ್ಲ." ಮಷಿನ್ನಿನ ಕೆಳಗಿನ ಡ್ರಾಯರಿನಿಂದ ಹಳೇ ಬುಕ್ಕು ತೆಗೆದರು. ಒಂದು ಸಾಲೂ ಅಳಿಸಿರಲಿಲ್ಲ. ಯಂಕಮ್ಮ, ಅತ್ತೆ, ಇಬ್ಬರು ಮಕ್ಕಳು, ದೊಡ್ಡ ಕಿಸೆ, ಎಲ್ಲ ಇದ್ದಲ್ಲೇ ಇದ್ದವು. ಅದನ್ನು ಎದೆಗವಚಿಕೊಂಡು ಅತ್ತುಬಿಟ್ಟೆ. ಆಪಾ ನನಗೆ ನೀರು ಕೊಟ್ಟು, ಬುಕ್ಕಿನ ಮೇಲೆ ಕಣ್ಣೀರು ಬಿದ್ದರೆ ಪೆನ್ಸಿಲ್ ಅಳಿಸುತ್ತದೆಂದು ಅದನ್ನು ಮಾತ್ರ ಕಿತ್ತುಕೊಂಡರು.

ಅಲ್ಲೇ ಕುಳಿತು ಆ್ಯಪ್‌ನಿಂದ ಯಾಮಿನಿಯನ್ನು ತೆಗೆದುಹಾಕಿದೆ. ಯಕ್ಷನ ಕಣ್ಣಿನ ಬಣ್ಣ ಕೇಳಿದ್ದವರು ಸಿಟ್ಟಾಗಿ ಬರೆದರು. ಸ್ಪರ್ಧೆ ಕೈತಪ್ಪಿತು. ಆಪಾ ಅದರ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಯಂಕಮ್ಮನ ಕಥೆಯಲ್ಲಿ ಬರೆಯಲು ಉಳಿದದ್ದು ಕೊನೆಯ ಭಾಗವೊಂದೇ. ಬರೆಯುತ್ತೇನೆ, ಓದುತ್ತೇನೆ, ಆದರೆ ಒಂದು ಕರಾರು ಎಂದರು. "ಬರುವಾಗ ಪೆನ್ನು ತರಬ್ಯಾಡ್ರಿ."

ನಾಲ್ಕು ವಾರ ಕಳೆದ ಮೇಲೆ, ಒಂದು ಶನಿವಾರ ಬರೀ ಕೈಯಲ್ಲಿ ಹೋದೆ. ಶರಣಮ್ಮ ಡಬ್ಬಿ ಇಳಿಸಿ ಕುಳಿತಿದ್ದಳು. ನೀಲಮ್ಮ ಗೋಡೆಗೆ ಒರಗಿದ್ದಳು. ಆಪಾ ಕನ್ನಡಕ ಏರಿಸಿ ಓದತೊಡಗಿದರು. ಅರವತ್ತೆರಡನೇ ಮನೆ ಗುಡ್ಡದ ಬುಡದಲ್ಲಿ ಬಂದು ನಿಂತಿದೆ. ಯಂಕಮ್ಮ ಗೋಡೆಗೆ ಗುರುತು ಬರೆದಿದ್ದಾಳೆ, ಮನೆ ಕದಲುವಂತಿಲ್ಲ. ಒಳಗೆ ಮರೆತುಹೋದ ಜನರಿದ್ದಾರೆ. ಅವರ ಹೆಸರು ಹಿಡಿದು ಕೂಗಿದರೆ ಹೊರಗೆ ಬರುತ್ತಾರೆ. ಆದರೆ ಕೂಗಲು ಒಳಗೇ ಹೋಗಬೇಕು, ಹೋದರೆ ಅವಳನ್ನೂ ಊರು ಮರೆಯುತ್ತದೆ. ಯಂಕಮ್ಮ ರಿಜಿಸ್ಟರನ್ನು ಕಿಸೆಯಲ್ಲಿಟ್ಟು, ಒಬ್ಬಳೇ ಹೊಸ್ತಿಲು ದಾಟುತ್ತಾಳೆ.

"ಒಬ್ಬಾಕಿನ್ನ ಯಾಕ ಕಳಿಸ್ತಿಯವಾ?" ಎಂದಳು ನೀಲಮ್ಮ.

ಆಪಾ ಓದುವುದು ನಿಲ್ಲಿಸಿದರು.

"ಕತಿಯೊಳಗ ಕಡೀಗೆ ಹಂಗೇ ಇರ್ತದ ಅಮ್ಮಾ," ಎಂದು ನಾನು ಬಾಯಿ ಹಾಕಿದೆ. ಹಾಕಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಯಾವ ಕತಿಯೊಳಗ? ದವಾಖಾನಿಗೆ ಹೋಗಬೇಕಾದ್ರೂ ನಾವು ಮಗ್ಗಲ ಮನಿಯಾಕಿನ್ನ ಕರಕೊಂಡು ಹೋಗ್ತೀವಿ. ಇಕಿ ಅಂಥಾ ಮನಿಯೊಳಗ ಹೊಂಟಾಳ, ಅರವತ್ತೊಂದು ಮನಿಯಾಗ ಯಾರೂ ಬರಂಗಿಲ್ಲೇನು?"

ಆಪಾ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಇನ್ನೊಮ್ಮೆ ಬುಕ್ಕು ಮುಚ್ಚಿಟ್ಟರೆ ಮತ್ತೆ ತೆರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಇಷ್ಟು ವರ್ಷ ಮಂದಿ ಹೀರೋಯಿನ್‌ಗಳಿಗೆ ಬೈದೆ," ಎಂದರು ಕೊನೆಗೆ. "ಕಡೀಗೆ ನಾನೂ ಅದನ್ನೇ ಮಾಡೀನಿ ನೋಡ್ರಿ." ಬೇಸರದ ದನಿಯಲ್ಲ. ನಗು ಬರುತ್ತಿತ್ತು ಅವರಿಗೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಕೊನೆಯ ಪುಟಕ್ಕೆ ಅಡ್ಡಗೆರೆ ಎಳೆದು, ಹೊಸ ಪುಟ ತಿರುಗಿಸಿದರು. "ಶರಣಮ್ಮಾ, ಯಂಕಮ್ಮ ಬಾಗಿಲದಾಗ ನಿಂತಾಳ. ನೀ ಬರ್ತಿಯೇನು?"

"ಬರ್ತೀನ್ರಿ," ಎಂದಳು ಶರಣಮ್ಮ, ತಮಾಷೆಯ ಮಾತೇ ಅಲ್ಲವೆಂಬಂತೆ. "ಡಬ್ಬಿ ನಾ ಹಿಡಕೋತೀನಿ. ಆಕಿ ಭುಜಕ್ಕ ಜರಾ ಆರಾಮ ಆಗಲಿ."

ಆಪಾ ಬರೆದುಕೊಂಡರು. "ನೀಲಮ್ಮಾ?"

"ನನಗ ಮೊಣಕಾಲು ನೋವು. ಮೆಲ್ಲಕ ನಡದ್ರ ಬರ್ತೀನಿ."

"ಎಲ್ಲಾರೂ ಮೆಲ್ಲಕ ನಡದ್ರು," ಎಂದು ಗಟ್ಟಿಯಾಗಿ ಹೇಳುತ್ತ ಆಪಾ ಅದನ್ನೂ ಬರೆದರು. ಬರೆಯುತ್ತ ಬರೆಯುತ್ತ ಅವರ ಮುಖ ಹಳೆಯ ಶನಿವಾರಗಳ ಮುಖವಾಯಿತು. ಬ್ಲೌಸ್ ಹೊಲಿಸಲು ಬಂದ ಇಬ್ಬರು ಹೆಂಗಸರು ಬಾಗಿಲಲ್ಲೇ ನಿಂತು, ಎಲ್ಲಿಗೆ ಹೊರಟಿದ್ದಾರೆಂದು ಕೇಳಿ, ತಮ್ಮ ಹೆಸರನ್ನೂ ಹಾಕಿಸಿಕೊಂಡರು. ಅರ್ಧ ಪುಟ ಹೆಸರುಗಳಾದವು. ನಾನು ಬಾಯಿ ಬಿಗಿಹಿಡಿದು ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದೆ. ಯಂಕಮ್ಮನನ್ನು ಅನಾಥೆ ಮಾಡಿದವಳು, ಅವಳ ಹೆಸರು ಅಳಿಸಿದವಳು, ನನ್ನನ್ನು ಯಾರು ಕರೆಯುತ್ತಾರೆ.

ಆಪಾ ತಲೆ ಎತ್ತಿದರು.

"ಟೀಚರ್, ನೀವು?"

"ಬರ್ಲೇನ್ರಿ ಆಪಾ?"

"ಬರ್ರಿ," ಎಂದು ನನ್ನ ಹೆಸರನ್ನೂ ಬರೆದರು. "ಆದ್ರ ನಮ್ಮ ಹಿಂದ ಬರ್ರಿ. ಮುಂದ ಯಂಕಮ್ಮ ನಡೀತಾಳ."